ಅಳಿಲಿನ ಬೆನ್ನ ಮೇಲೆ ಎಷ್ಟು ಗೆರೆ? ನರ್ಸರಿ ಮಕ್ಕಳ ಜೊತೆ ಪ್ರಾಣಿ ನೋಡುವ, ಆಡುವ, ಹೇಳುವ ಬಗೆ

ನಾನು ಮೊದಲು ಕೆಲಸಕ್ಕಿದ್ದ ನರ್ಸರಿಯಲ್ಲಿ ವರ್ಷಕ್ಕೊಮ್ಮೆ ‘ನನ್ನ ಇಷ್ಟದ ಪ್ರಾಣಿ’ ಅಂತ ಒಂದು ದಿನ ಇರುತ್ತಿತ್ತು. ಹಿಂದಿನ ರಾತ್ರಿ ಅಪ್ಪ ಅಮ್ಮ ಕೂತು ಚಾರ್ಟ್ ಮಾಡುತ್ತಿದ್ದರು. ಬೆಳಿಗ್ಗೆ ಮಗು ಬಂದು ಪೆಂಗ್ವಿನ್ ಬಗ್ಗೆ ನಾಲ್ಕು ಸಾಲು ಒಪ್ಪಿಸಿ ಓಡುತ್ತಿತ್ತು. ಒಂದು ಸಲ ಒಬ್ಬ ಹುಡುಗ ಮೂರನೇ ಸಾಲು ಮರೆತು ನಿಂತುಬಿಟ್ಟ. ಕಣ್ಣಲ್ಲಿ ನೀರು. ಅಷ್ಟರಲ್ಲಿ ಕಿಟಕಿ ಸರಳಿನ ಮೇಲೆ ಒಂದು ಅಳಿಲು ಬಂತು. ಅವನು ಅಳು ನಿಲ್ಲಿಸಿ, ‘ಮಿಸ್, ಅದು ಬಾಯಲ್ಲಿ ನಾರು ಇಟ್ಕೊಂಡೈತೆ!’ ಅಂದ. ಇಡೀ ತರಗತಿ ತಿರುಗಿ ನೋಡಿತು. ನಾನೇನು ಮಾಡಿದೆ ಗೊತ್ತಾ? ‘ಮೊದಲು ಪೆಂಗ್ವಿನ್ ಮುಗಿಸು’ ಅಂದೆ.

ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತೆ. ಪೆಂಗ್ವಿನ್ ಅವರಪ್ಪ ಹುಡುಕಿದ್ದು. ಅಳಿಲು ಅವನೇ ಕಂಡಿದ್ದು.

ಅಲ್ಲಿಂದ ಈಚೆಗೆ ನಾನು ರೀತಿ ಬದಲಾಯಿಸಿಕೊಂಡೆ. ನಮ್ಮದು ತಿಪಟೂರು ಕಡೆ. ಸುತ್ತ ತೆಂಗಿನ ತೋಟ, ಅಳಿಲು, ಕೋಳಿ, ಮೇಕೆ, ಇರುವೆಗೆ ಬರವಿಲ್ಲ. ಆದರೆ ಮುಂದೆ ಹೇಳಿರುವುದನ್ನು ಬೆಂಗಳೂರಿನ ಅಪಾರ್ಟ್‌ಮೆಂಟ್ ಪ್ಲೇಹೋಮ್‌ನಲ್ಲೂ ಮಾಡಬಹುದು. 3ರಿಂದ 6 ವರ್ಷದ ಮಕ್ಕಳನ್ನು ನೋಡಿಕೊಳ್ಳುವ ಟೀಚರ್‌ಗಳಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ, ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸುವ ಅಜ್ಜಿ ತಾತಂದಿರಿಗೆ ಇದು.

ನೂರು ಹೆಜ್ಜೆಯೊಳಗಿನ ಪ್ರಾಣಿ

ಪ್ರಾಣಿ ಆರಿಸುವಾಗ ನನಗೆ ಒಂದೇ ನಿಯಮ. ಶಾಲೆ ಬಾಗಿಲಿಂದ ನೂರು ಹೆಜ್ಜೆಯೊಳಗೆ ಅದು ಸಿಗಬೇಕು. ಇರುವೆ, ಅಳಿಲು, ಕಾಗೆ, ಹಲ್ಲಿ, ಓತಿಕ್ಯಾತ, ಕೋಳಿ, ಮೇಕೆ, ಹಸು, ಜೇಡ, ಎರೆಹುಳು. ಮಳೆಗಾಲವಾದರೆ ಕಪ್ಪೆ, ಬಸವನಹುಳು. ಸಿಂಹ, ಜಿರಾಫೆ ಬೇಡವೇ ಬೇಡ ಅಂತಲ್ಲ. ಅವುಗಳನ್ನು ಮಕ್ಕಳು ಚಿತ್ರದಲ್ಲಿ ನೋಡಿ ಖುಷಿಪಡಲಿ. ಆದರೆ ಚಿತ್ರದ ಸಿಂಹಕ್ಕೆ ಹೊಸ ಪ್ರಶ್ನೆ ಕೇಳಿದರೆ ಉತ್ತರ ಬರಲ್ಲ. ಅಂಗಳದ ಇರುವೆಗೆ ಕೇಳಿದರೆ ಬರುತ್ತೆ.

ವಾರಕ್ಕೆ ಒಂದೇ ಪ್ರಾಣಿ ಸಾಕು. ಎರಡು ವಾರ ಎಳೆದರೂ ಪರವಾಗಿಲ್ಲ. ನಾವು ಒಂದು ಸಲ ಇರುವೆಯಲ್ಲೇ ಹದಿನೈದು ದಿನ ಕಳೆದೆವು. ನನಗೇ ಸಾಕಾಯಿತೇ ಹೊರತು ಮಕ್ಕಳಿಗಲ್ಲ.

ಪ್ರಶ್ನೆಗಳನ್ನು ಹೇಳಿದ ಹಾಗೇ ಬರೆಯಿರಿ

ಸೋಮವಾರ ಎಲ್ಲರನ್ನೂ ಸುತ್ತ ಕೂರಿಸಿ. ‘ಅಳಿಲಿನ ಬಗ್ಗೆ ನಿಮಗೆ ಏನು ಗೊತ್ತು?’ ಅಂತ ಕೇಳಿ. ಬಂದಿದ್ದನ್ನೆಲ್ಲ ಬೋರ್ಡಿನ ಮೇಲೆ ಬರೆಯಿರಿ. ತಪ್ಪಿದ್ದರೂ ಬರೆಯಿರಿ. ಆಮೇಲೆ ‘ಏನು ತಿಳ್ಕೋಬೇಕು?’ ಅಂತ ಕೇಳಿ.

ಮಕ್ಕಳಿಗೆ ಓದಲು ಬರಲ್ಲ ನಿಜ. ಆದರೂ ತಮ್ಮ ಮಾತು ಬೋರ್ಡಿನ ಮೇಲೆ ಹೋಗುವುದನ್ನು ನೋಡುವುದೇ ಅವರಿಗೆ ದೊಡ್ಡ ವಿಷಯ. ನಮ್ಮಲ್ಲಿ ಬಂದ ಪ್ರಶ್ನೆಗಳು ಇವು: ಅಳಿಲು ಮಲಗುವಾಗ ಬಾಲ ಎಲ್ಲಿ ಇಟ್ಕೊಳುತ್ತೆ? ಅದಕ್ಕೆ ತಲೆಕೆಳಗಾಗಿ ಇಳಿದರೆ ತಲೆ ಸುತ್ತಲ್ವಾ? ಅಳಿಲಿನ ಅಜ್ಜಿ ಎಲ್ಲಿ? ಮೂರನೆಯದಕ್ಕೆ ನಗಬೇಡಿ. ಒಂದು ಸಲ ನಕ್ಕರೆ ಆ ಮಗು ಒಂದು ತಿಂಗಳು ಬಾಯಿ ತೆರೆಯಲ್ಲ.

ಉತ್ತರ ನಿಮಗೆ ಗೊತ್ತಿದ್ದರೂ ತಕ್ಷಣ ಹೇಳಬೇಡಿ. ಅಳಿಲಿನ ಬೆನ್ನ ಮೇಲೆ ಎಷ್ಟು ಗೆರೆ ಅಂತ ಕೇಳಿದರೆ ದೊಡ್ಡವರೇ ತಡವರಿಸುತ್ತಾರೆ. ರಾಮ ಸವರಿದ ಕಥೆ ನೆನಪಾಗುತ್ತೆ, ಗೆರೆಯ ಲೆಕ್ಕ ನೆನಪಾಗಲ್ಲ. ನಮ್ಮ ಕಡೆ ಕಾಣುವ ಅಳಿಲಿಗೆ ಮೂರು ಬಿಳಿ ಗೆರೆ. ಇದನ್ನು ಮಕ್ಕಳು ಎಣಿಸಿ ಬಂದು ನಿಮಗೆ ಹೇಳಲಿ.

ಹೊರಗೆ ಹೋಗುವ ಮೊದಲು

ಮಕ್ಕಳಿಗಿಂತ ಮೊದಲು ನೀವೊಮ್ಮೆ ಜಾಗ ಸುತ್ತಿ ಬನ್ನಿ. ಒಡೆದ ಗಾಜು, ಮುಳ್ಳು, ಮುಚ್ಚಳವಿಲ್ಲದ ಸಂಪು, ಜೇನುಗೂಡು, ಕಣಜದ ಗೂಡು ಇದೆಯಾ ನೋಡಿ. ಕಲ್ಲಿನ ರಾಶಿ, ಸೌದೆ, ತೆಂಗಿನ ಗರಿ ಒಟ್ಟಿದ ಕಡೆ ಮಕ್ಕಳನ್ನು ಬಿಡಬೇಡಿ. ಚೇಳು, ಹಾವು ಇರುವುದೇ ಅಲ್ಲಿ. ಎಲ್ಲರಿಗೂ ಚಪ್ಪಲಿ ಇರಲಿ.

ಮಕ್ಕಳಿಗೆ ಕಲಿಸುವ ಮಾತು ಮೂರೇ. ಕಣ್ಣಲ್ಲಿ ನೋಡು, ಕೈ ಬೆನ್ನ ಹಿಂದೆ. ತೂತಿಗೆ ಬೆರಳು ಹಾಕಬೇಡ. ಹಾವು ಕಂಡರೆ ಅಲ್ಲೇ ನಿಂತು ಟೀಚರನ್ನು ಕರಿ, ಓಡಬೇಡ. ಇದನ್ನು ಆಟದ ಹಾಗೆ ದಿನಾ ಹೇಳಿಸಿ.

ಕಂಬಳಿಹುಳು ತಾಗಿದರೆ ಉಜ್ಜಬೇಡಿ, ಕೂದಲು ಇನ್ನೂ ಒಳಗೆ ಹೋಗುತ್ತೆ. ಸೆಲ್ಲೋಟೇಪ್ ಅಂಟಿಸಿ ಕಿತ್ತರೆ ಕೂದಲು ಅದರ ಜೊತೆ ಬರುತ್ತೆ. ಆಮೇಲೆ ಸೋಪು ನೀರಲ್ಲಿ ತೊಳೆಯಿರಿ. ನಾಯಿ ಅಥವಾ ಬೆಕ್ಕು ಕಚ್ಚಿದರೆ, ಪರಚಿದರೂ ಅಷ್ಟೇ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಮೆತ್ತಬೇಡಿ. ಮನೆಯವರಿಗೆ ಆಗಲೇ ಫೋನ್ ಮಾಡಿ. ಸಂಜೆ ಹೇಳಿದರಾಯಿತು ಅನ್ನುವ ವಿಷಯ ಅಲ್ಲ ಅದು.

ಅಂಗೈಯಷ್ಟು ಉದ್ದ ಬೆಳೆಯುವ ಆಫ್ರಿಕಾದ ಬಸವನಹುಳು ಈಗ ಬೆಂಗಳೂರಿನ ಕೈತೋಟಗಳಲ್ಲೂ ಕೊಡಗಿನ ಕಾಫಿ ತೋಟಗಳಲ್ಲೂ ಕಾಟ ಕೊಡುತ್ತಿದೆ. ಮನುಷ್ಯರಿಗೆ ಕಾಯಿಲೆ ತರುವ ಹುಳುಗಳು ಅದರ ಮೈಯಲ್ಲಿ ಇರಬಹುದು. ದೂರದಿಂದ ನೋಡಲಿ, ಬರಿಗೈಲಿ ಮುಟ್ಟುವುದು ಬೇಡ. ಯಾವ ಪ್ರಾಣಿ ನೋಡಿ ಬಂದರೂ ಒಳಗೆ ಕಾಲಿಡುವ ಮೊದಲು ಕೈ ತೊಳೆಯಲಿ.

ಬಳೆಯೊಳಗಿನ ಲೋಕ

ಮೂವತ್ತು ಮಕ್ಕಳನ್ನು ಒಟ್ಟಿಗೆ ಕರೆದುಕೊಂಡು ಹೋದರೆ ಪ್ರಾಣಿ ಕಾಣಲ್ಲ, ಧೂಳು ಕಾಣುತ್ತೆ. ಐದೈದು ಮಕ್ಕಳ ಗುಂಪು ಮಾಡಿ. ಒಂದು ಗುಂಪಿಗೆ 15 ನಿಮಿಷ. ಉಳಿದವರು ಸಹಾಯಕಿಯ ಜೊತೆ ಆಡುತ್ತಿರಲಿ.

ಸುಮ್ನೆ ‘ನೋಡಿ’ ಅಂದರೆ ಈ ವಯಸ್ಸಿನವರಿಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗಲ್ಲ. ಅದಕ್ಕೆ ನಾನು ಹಳೆ ಪ್ಲಾಸ್ಟಿಕ್ ಬಳೆ ಕೊಡುತ್ತೇನೆ. ಬಳೆಯನ್ನು ನೆಲದ ಮೇಲಿಟ್ಟು, ಅದರೊಳಗೆ ಏನೇನು ಇದೆ ಅಂತ ಹೇಳಬೇಕು. ಒಂದು ಎಲೆ, ಎರಡು ಇರುವೆ, ಒಂದು ರೆಕ್ಕೆ ಚೂರು, ‘ಏನೋ ಒಂದು ಗುಂಡಗೆ’. ಬಳೆಯಷ್ಟು ಜಾಗದ ಮುಂದೆ ನಾಲ್ಕು ವರ್ಷದ ಮಗು ಹತ್ತು ನಿಮಿಷ ಕೂತಿರುವುದನ್ನು ನಾನು ನೋಡಿದ್ದೇನೆ. ಅದೇ ಮಗು ಕುರ್ಚಿಯ ಮೇಲೆ ಎರಡು ನಿಮಿಷ ಕೂರಲ್ಲ.

ಇರುವೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಶುರು ಮಾಡುವವರಿಗೆ ಅದಕ್ಕಿಂತ ಒಳ್ಳೆ ಪ್ರಾಣಿ ಇಲ್ಲ. ಕೆಂಪಿರುವೆ ಬೇಡ, ಕಚ್ಚುತ್ತೆ. ಸಣ್ಣ ಕರಿ ಇರುವೆ ಸಾಲು ಹುಡುಕಿ. ಸಾಲಿನಿಂದ ಒಂದು ಗೇಣು ದೂರದಲ್ಲಿ ನಾಲ್ಕು ಎಲೆ ಇಟ್ಟು ಒಂದರ ಮೇಲೆ ಬೆಲ್ಲದ ಚೂರು, ಒಂದರ ಮೇಲೆ ಉಪ್ಪು, ಒಂದರ ಮೇಲೆ ಕೊಬ್ಬರಿ ತುರಿ, ಇನ್ನೊಂದರ ಮೇಲೆ ಅಕ್ಕಿ ಹಾಕಿ. ಇರುವೆ ಎಲ್ಲಿಗೆ ಹೋಗುತ್ತೆ ಅಂತ ಮೊದಲೇ ಹೇಳಿಸಿ. ಮಕ್ಕಳು ತಾವು ಆರಿಸಿದ ಎಲೆಯ ಹಿಂದೆ ಹೋಗಿ ಕೂರಲಿ. ಒಮ್ಮೆ ಉಪ್ಪಿನ ಹಿಂದೆ ಕೂತವನು ಒಬ್ಬನೇ. ಕೊನೆಯವರೆಗೂ ಅಲ್ಲಾಡಲಿಲ್ಲ. ‘ಬರ್ತಾವೆ, ಈಗ ಬರ್ತಾವೆ’ ಅಂತ ಉಪ್ಪಿಗೆ ಕಾವಲು ಕಾದ.

ಮಾರನೆ ದಿನ ಇನ್ನೊಂದು ಮಾಡಿ. ಇರುವೆ ಸಾಲು ಚೆನ್ನಾಗಿ ಹರಿಯುತ್ತಿರುವಾಗ ಒದ್ದೆ ಬಟ್ಟೆಯಿಂದ ಸಾಲಿಗೆ ಅಡ್ಡವಾಗಿ ನೆಲವನ್ನು ಒಮ್ಮೆ ಒರೆಸಿ. ಎರಡೂ ಕಡೆಯ ಇರುವೆಗಳು ಅಲ್ಲೇ ನಿಂತು ಮೀಸೆ ಆಡಿಸುತ್ತಾ ತಡಕಾಡುತ್ತವೆ. ನೆಲದ ಮೇಲೆ ತಾವು ಬಿಟ್ಟ ವಾಸನೆ ಹಿಡಿದುಕೊಂಡೇ ಅವು ದಾರಿ ಕಂಡುಕೊಳ್ಳುವುದು. ವಾಸನೆ ಅಳಿಸಿದರೆ ದಾರಿಯೇ ಅಳಿಸಿದ ಹಾಗೆ. ಸ್ವಲ್ಪ ಹೊತ್ತಿಗೆ ಒಂದೆರಡು ಧೈರ್ಯ ಮಾಡಿ ದಾಟುತ್ತವೆ, ಸಾಲು ಮತ್ತೆ ಕೂಡಿಕೊಳ್ಳುತ್ತೆ. ಈ ವಾಸನೆ ವಿಷಯ ನೀವು ಬಾಯಲ್ಲಿ ಹೇಳಿದ್ದರೆ ಮಕ್ಕಳು ಮರೆಯುತ್ತಿದ್ದರು. ತಡಕಾಡುವ ಇರುವೆ ನೋಡಿದವರು ಮರೆಯಲ್ಲ.

ಬೇರೆ ಪ್ರಾಣಿಗಳಿಗೆ ಒಂದೊಂದು ಗುರುತು ಹುಡುಕಿಸಿ. ಕಾಗೆಗಳೆಲ್ಲ ಒಂದೇನಾ? ಊರಿನಲ್ಲಿ ಕಾಣುವ ಕಾಗೆಯ ಕತ್ತು ಬೂದಿ ಬಣ್ಣ, ಕಾಡುಕಾಗೆ ಪೂರ್ತಿ ಕಪ್ಪು. ಇರುವೆಗೆ ಕಾಲು ಆರು, ಜೇಡಕ್ಕೆ ಎಂಟು. ಮೇಕೆಯ ಕಣ್ಣಿನ ಕಪ್ಪು ನಮ್ಮ ಹಾಗೆ ಗುಂಡಗಿಲ್ಲ, ಅಡ್ಡಕ್ಕೆ ಗೆರೆ ಎಳೆದ ಹಾಗಿದೆ. ಹಸುವಿನ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ. ಹಾಲು ಕರೆಯುವ ಮನೆಯವರನ್ನು ಕೇಳಿದರೆ ತುಟಿ ಎತ್ತಿ ತೋರಿಸುತ್ತಾರೆ. ಮಕ್ಕಳು ಆವತ್ತಿಡೀ ಒಬ್ಬರ ತುಟಿ ಒಬ್ಬರು ಎತ್ತಿ ನೋಡುತ್ತಾರೆ, ಅದಕ್ಕೆ ತಯಾರಿರಿ.

ಮನೆಗೆ ಕಳಿಸುವ ಚೀಟಿ

ಮನೆಯವರಿಗೆ ವಾಟ್ಸಾಪ್‌ನಲ್ಲಿ ನಾನು ಕಳಿಸುವುದು ಇಷ್ಟೇ: ‘ಈ ವಾರ ನಾವು ಕೋಳಿ ನೋಡುತ್ತಿದ್ದೇವೆ. ನಿಮ್ಮ ಮಗು ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೆ. ನಿಮಗೆ ಗೊತ್ತಿರುವುದನ್ನು ನಿಮ್ಮ ಮಾತಿನಲ್ಲೇ ಹೇಳಿ. ಗೂಗಲ್ ನೋಡಬೇಡಿ. ಚಾರ್ಟ್ ಬೇಡ, ಪ್ರಿಂಟ್ ಬೇಡ, ಏನೂ ಕೊಳ್ಳಬೇಡಿ.’

ಕೊನೆಯ ಸಾಲು ದಪ್ಪಕ್ಷರದಲ್ಲಿ ಹಾಕಿ. ಹಾಕಿದರೂ ಇಬ್ಬರು ಚಾರ್ಟ್ ಮಾಡಿಕೊಂಡೇ ಬರುತ್ತಾರೆ!

ಅಜ್ಜಿಯರ ಹತ್ತಿರ ಇರುವ ವಿಷಯ ಯಾವ ಚಾರ್ಟಿನಲ್ಲೂ ಇಲ್ಲ. ಒಂದು ಹುಡುಗಿ ಅವರಜ್ಜಿಯನ್ನು ಕೇಳಿಕೊಂಡು ಬಂದಳು: ಕಾವಿಗೆ ಕೂತ ಕೋಳಿ ಮೊಟ್ಟೆಗಳನ್ನು ಕೊಕ್ಕಿನಲ್ಲಿ ಆಗಾಗ ಹೊರಳಿಸುತ್ತೆ, 21 ದಿನಕ್ಕೆ ಮರಿ ಆಗುತ್ತೆ. ಸರಿ, ಅವರ ಮನೆಯಲ್ಲಿ ಕೋಳಿ ಕಾವಿಗೆ ಕೂತ ದಿನವನ್ನು ತರಗತಿಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆವು. ದಿನಾ ಒಬ್ಬೊಬ್ಬರು ಒಂದು ಚುಕ್ಕಿ ಇಡುತ್ತಿದ್ದರು. ಇಪ್ಪತ್ತರವರೆಗೆ ಎಣಿಸಲು ಬಾರದವರೂ ಆ ಮೂರು ವಾರದಲ್ಲಿ ಕಲಿತರು.

ಪ್ರಾಣಿಯನ್ನೇ ಶಾಲೆಗೆ ತರುತ್ತೇವೆ ಅನ್ನುವವರಿಗೆ ಹುಷಾರಾಗಿ ಉತ್ತರ ಕೊಡಿ. ಸಾಧುವಾದ ಮೇಕೆಮರಿ, ಮೊಲ ಬಂದರೆ ಬರಲಿ, ಜೊತೆಗೆ ಮನೆಯ ದೊಡ್ಡವರೂ ಇರಬೇಕು. ಪಂಜರದ ಗಿಳಿ, ನಕ್ಷತ್ರ ಆಮೆ ಬೇಡ. ನಮ್ಮ ನಾಡಿನ ಗಿಳಿ, ನಕ್ಷತ್ರ ಆಮೆಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಮಗುವಿನ ಮುಂದೆ ಬೈಯದೆ ಮನೆಯವರನ್ನು ಪಕ್ಕಕ್ಕೆ ಕರೆದು ಹೇಳಿ.

ಚಿತ್ರ, ಅದರ ಕೆಳಗೆ ಒಂದು ಸಾಲು

ನೋಡಿ ಬಂದ ತಕ್ಷಣ, ಕೈ ತೊಳೆದು, ಚಿತ್ರ ಬಿಡಿಸಲಿ. ಬೋರ್ಡಿನ ಮೇಲೆ ನೀವು ಅಳಿಲು ಬರೆದು ತೋರಿಸಬೇಡಿ. ಬರೆದರೆ ಮೂವತ್ತು ಹಾಳೆಯಲ್ಲೂ ನಿಮ್ಮ ಅಳಿಲೇ ಇರುತ್ತೆ. ಮಗು ಬಿಡಿಸಿದ್ದು ಆಲೂಗಡ್ಡೆ ಹಾಗೆ ಕಂಡರೂ ‘ಇದೇನು?’ ಅಂತ ಕೇಳದೆ ‘ಇದರ ಬಗ್ಗೆ ಹೇಳು’ ಅನ್ನಿ. ಹೇಳಿದ್ದನ್ನು ಅದೇ ಮಾತಿನಲ್ಲಿ ಕೆಳಗೆ ಬರೆಯಿರಿ. ‘ಅಳ್ಳು ಕೈಯಾಗೆ ತಿಂತೈತೆ’ ಅಂದರೆ ಹಾಗೇ ಬರೆಯಿರಿ. ‘ಅಳಿಲು ಮುಂಗಾಲುಗಳಿಂದ ಆಹಾರ ಸೇವಿಸುತ್ತದೆ’ ಅಂತ ತಿದ್ದಬೇಡಿ. ಓದಿ ಹೇಳಿದಾಗ ತನ್ನದೇ ಮಾತು ಕೇಳಿ ಅದರ ಮುಖ ಹೇಗಾಗುತ್ತೆ ನೋಡಿ.

ಹೇಳುವ ದಿನ

ಇಲ್ಲಿ ಎಡವುವವರೇ ಜಾಸ್ತಿ. ಒಂದೇ ದಿನ ಮೂವತ್ತು ಮಕ್ಕಳನ್ನು ನಿಲ್ಲಿಸಿದರೆ ಹತ್ತನೆಯವರ ಹೊತ್ತಿಗೆ ಅರ್ಧ ತರಗತಿ ಮಲಗಿರುತ್ತೆ. ದಿನಕ್ಕೆ ಮೂರು ನಾಲ್ಕು ಮಕ್ಕಳು, ಒಬ್ಬರಿಗೆ ಎರಡು ನಿಮಿಷ. ವೇದಿಕೆ, ಮೈಕು, ಪ್ರಾಣಿಯ ವೇಷ ಯಾವುದೂ ಬೇಡ. ಮರದ ಕೆಳಗೆ ಸುತ್ತ ಕೂತು, ಹೇಳುವವರೂ ಕೂತೇ ಹೇಳಲಿ. ಕೈಯಲ್ಲಿ ಅವರ ಚಿತ್ರ ಇರಲಿ. ಚಿತ್ರ ಹಿಡಿದರೆ ಕೈಗೆ ಕೆಲಸ ಸಿಗುತ್ತೆ, ಭಯ ಅರ್ಧ ಇಳಿಯುತ್ತೆ.

ಕೇಳುವವರಿಗೂ ಕೆಲಸ ಕೊಡಿ. ಪ್ರತಿ ಸಲ ಇಬ್ಬರು ಒಂದೊಂದು ಪ್ರಶ್ನೆ ಕೇಳಬೇಕು. ಮೊದಮೊದಲು ‘ನಮ್ಮ ಮನೇಲೂ ಕೋಳಿ ಐತೆ’ ಅನ್ನುವುದನ್ನೇ ಪ್ರಶ್ನೆ ಅಂದುಕೊಂಡಿರುತ್ತಾರೆ. ಅದನ್ನೂ ಒಪ್ಪಿಕೊಳ್ಳಿ. ಕೆಲವು ವಾರ ಕಳೆದರೆ ‘ಯಾಕೆ’, ‘ಎಲ್ಲಿ’ ತಾವಾಗೇ ಬರುತ್ತವೆ.

ಮಾತಾಡದ ಮಗುವಿಗೆ ಒತ್ತಾಯ ಬೇಡ. ‘ಓತಿಕ್ಯಾತ ಹೇಗೆ ತಲೆ ಆಡಿಸುತ್ತೆ, ಮಾಡಿ ತೋರಿಸು’ ಅನ್ನಿ. ಮಾತಿಲ್ಲದೆ ಮಾಡಿ ತೋರಿಸಿದರೂ ಅದು ಹೇಳಿದ ಹಾಗೇ. ತೆಲುಗು, ಉರ್ದು, ಲಂಬಾಣಿ ಮನೆಮಾತಿನ ಮಗು ಮೊದಲು ತನ್ನ ಮಾತಿನಲ್ಲೇ ಹೇಳಲಿ. ಇರುವೆಗೆ ಆ ಮನೆಯಲ್ಲಿ ಏನಂತಾರೆ ಅಂತ ಎಲ್ಲರೂ ಕೂಗಿ ಹೇಳಿದರೆ ಆ ಮಗು ಅವತ್ತು ರಾಜ. ಇಂಗ್ಲಿಷಿನಲ್ಲೇ ಹೇಳಿಸಿ ಅಂತ ಮನೆಯವರು ಹಟ ಹಿಡಿದರೆ, 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 8 ವರ್ಷದವರೆಗೆ ಮನೆಮಾತಿಗೂ ಆಟಕ್ಕೂ ಒತ್ತು ಕೊಟ್ಟಿದೆ ಅಂತ ಹೇಳಿ. ನಾನು ಹೇಳಿದಾಗ ನಂಬದವರು ಸರಕಾರದ ಹೆಸರು ಕೇಳಿ ಸುಮ್ಮನಾದದ್ದುಂಟು.

ಇನ್ನೊಂದು ಸಂಗತಿ. ಯಾರೂ ಇದನ್ನು ಬರೆಯಲ್ಲ, ಆದರೆ ಎಲ್ಲರ ತರಗತಿಯಲ್ಲೂ ಆಗುತ್ತೆ. ಒಬ್ಬ ಹುಡುಗ ತನ್ನ ಮನೆಯ ಹುಂಜದ ಬಗ್ಗೆ ಚೆಂದವಾಗಿ ಹೇಳಿ, ಕೊನೆಗೆ ‘ಭಾನುವಾರ ಸಾರು ಮಾಡಿದ್ವಿ’ ಅಂದ. ಒಬ್ಬಳು ‘ಥೂ’ ಅಂದಳು. ಇನ್ನೊಬ್ಬ ಜೋರಾಗಿ ಅತ್ತ. ಇಂಥ ಹೊತ್ತಿನಲ್ಲಿ ಮಾತು ಮರೆಸಬೇಡಿ, ಹೇಳಿದವನನ್ನು ಗದರಿಸಲೇಬೇಡಿ. ‘ಕೆಲವರ ಮನೆಯಲ್ಲಿ ಕೋಳಿ ತಿನ್ನುತ್ತಾರೆ, ಕೆಲವರ ಮನೆಯಲ್ಲಿ ತಿನ್ನಲ್ಲ. ಯಾರ ಊಟಕ್ಕೂ ಥೂ ಅನ್ನಬಾರದು’ ಅಂತ ಮೆತ್ತಗೆ ಹೇಳಿ. ಅಳುವ ಮಗುವಿಗೆ ‘ಹುಂಜ ಸತ್ತಿದ್ದಕ್ಕೆ ಬೇಜಾರಾಯ್ತಾ?’ ಅಂತ ಕೇಳಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಂದಿ ಸಾಕುವ ಮನೆಯ ಮಗುವಿಗೆ ನಗೆ ಬೀಳುವುದೂ ಇದೇ ಜಾಗದಲ್ಲಿ. ಅದಕ್ಕೆ ನಾನು ಒಂದು ವಾರ ಹಂದಿಯನ್ನೇ ಆರಿಸಿ, ಆ ಮಗುವಿನ ಅಪ್ಪನನ್ನೇ ಕರೆಸಿದೆ. ಹಂದಿ ಮೂತಿಯಿಂದ ಮಣ್ಣು ಹೇಗೆ ಉಳುತ್ತೆ, ಬಿಸಿಲಿಗೆ ಕೆಸರು ಯಾಕೆ ಬೇಕು ಅಂತ ಅವರು ಹೇಳುತ್ತಿದ್ದರೆ ಒಬ್ಬರೂ ಅಲ್ಲಾಡಲಿಲ್ಲ.

ಆಟ ಬಿಡುವಿಗಲ್ಲ, ಪಾಠಕ್ಕೇ

‘ಚಿತ್ರ ಮುಗಿಸಿದವರು ಆಡಲು ಹೋಗಿ’ ಅನ್ನುವ ಪದ್ಧತಿ ಬಿಡಿ. ನಿಧಾನವಾಗಿ ಬಿಡಿಸುವ ಮಗುವಿಗೆ ಆಟವೇ ಸಿಗಲ್ಲ. 3-4 ವರ್ಷದ ಮಕ್ಕಳು ದಿನವಿಡೀ ಸೇರಿ ಕಡಿಮೆಯೆಂದರೂ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಆಟ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಂಗನವಾಡಿಯ ಹೆಸರಲ್ಲೇ ಅಂಗಳ ಇದೆ. ಆದರೆ ಎಷ್ಟೋ ಕಡೆ ಅಂಗಳವೇ ಇಲ್ಲ, ಒಂದು ಬಾಡಿಗೆ ಕೋಣೆ. ಅಂಥ ಕಡೆ ದೇವಸ್ಥಾನದ ಜಗಲಿ, ಪಕ್ಕದ ಶಾಲೆಯ ಮೈದಾನ, ಯಾರದೋ ಕಣ ಕೇಳಿ ನೋಡಿ. ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಬಿಸಿಲಿಗೆ ಬಿಡಬೇಡಿ.

ವಾರದ ಪ್ರಾಣಿಯನ್ನು ಆಟಕ್ಕೆ ಸೇರಿಸುವುದು ಸುಲಭ. ಕಪ್ಪೆ ವಾರದಲ್ಲಿ ‘ಕೆರೆ-ದಡ’. ನೆಲದಲ್ಲಿ ದೊಡ್ಡ ಸುತ್ತು ಎಳೆದು, ‘ಕೆರೆ’ ಅಂದರೆ ಒಳಕ್ಕೆ, ‘ದಡ’ ಅಂದರೆ ಹೊರಕ್ಕೆ, ಕಪ್ಪೆಯ ಹಾಗೆ ಕುಕ್ಕರಗಾಲಲ್ಲಿ ಜಿಗಿಯಬೇಕು. ಕೋಳಿ ವಾರದಲ್ಲಿ ಹದ್ದು-ಮರಿ ಆಟ. ಮುಂದೆ ತಾಯಿಕೋಳಿ ಕೈ ಚಾಚಿ ನಿಲ್ಲುತ್ತೆ, ಹಿಂದೆ ಒಬ್ಬರ ಅಂಗಿ ಒಬ್ಬರು ಹಿಡಿದ ಮರಿಗಳು, ಹದ್ದು ಕೊನೆಯ ಮರಿಯನ್ನು ಹಿಡಿಯಬೇಕು. ಹದ್ದಿನ ನೆರಳು ಕಂಡರೆ ನಿಜವಾದ ಕೋಳಿ ಹೇಗೆ ಕೂಗಿ ಮರಿಗಳನ್ನು ರೆಕ್ಕೆಯಡಿ ಸೇರಿಸುತ್ತೆ ಅಂತ ಕಂಡವರು ಅದೇ ಸದ್ದು ಮಾಡಿ ಆಡುತ್ತಾರೆ.

‘ಹಾರುತ್ತೆ’ ಆಟ ಎಲ್ಲರಿಗೂ ಗೊತ್ತಲ್ಲ? ‘ಕಾಗೆ ಹಾರುತ್ತೆ’ ಅಂದರೆ ಕೈ ಎತ್ತಬೇಕು, ‘ಎಮ್ಮೆ ಹಾರುತ್ತೆ’ ಅಂದರೆ ಎತ್ತಬಾರದು. ನಾನು ಬೇಕಂತಲೇ ‘ಕೋಳಿ ಹಾರುತ್ತೆ’ ಅಂದೆ. ಅರ್ಧ ಕೈ ಮೇಲೆ, ಅರ್ಧ ಕೈ ಕೆಳಗೆ. ಜಗಳ ಶುರುವಾಯಿತು. ಆಟ ನಿಲ್ಲಿಸಿ, ‘ಸಂಜೆ ಕೋಳಿ ಮಲಗಲು ಎಲ್ಲಿಗೆ ಹೋಗುತ್ತೆ ನೋಡಿಕೊಂಡು ಬನ್ನಿ’ ಅಂತ ಕಳಿಸಿದೆ. ಮಾರನೆ ದಿನ ಬಂದ ಸುದ್ದಿ: ಗೋಡೆ ಮೇಲಕ್ಕೆ ಹಾರಿತು, ಸೀಬೆಮರದ ಕೊಂಬೆಗೆ ಹಾರಿತು, ಆದರೆ ಕಾಗೆ ಹಾಗೆ ಹೋಗಲಿಲ್ಲ. ಕೋಳಿಗೆ ಒಂದೇ ಕೈ ಎತ್ತಬೇಕು ಅಂತ ಅವರೇ ನಿಯಮ ಮಾಡಿದರು. ಬಾವಲಿ, ನವಿಲು, ಹಾರುವ ಗೆದ್ದಲು ಹೀಗೆ ಪಟ್ಟಿ ಬೆಳೆಸುತ್ತಾ ಹೋಗಬಹುದು.

ಈ ಆಟಗಳಲ್ಲಿ ಔಟಾದವರನ್ನು ಹೊರಗೆ ಕೂರಿಸಬೇಡಿ. ಔಟಾದವರು ಮುಂದಿನ ಪ್ರಾಣಿಯ ಹೆಸರು ಕೂಗಲಿ. ದಿನಕ್ಕೆ ಅರ್ಧ ಗಂಟೆಯಾದರೂ ಯಾವ ಆಟವನ್ನೂ ನೀವು ಹೇಳಿಕೊಡಬೇಡಿ. ಮಣ್ಣು, ನೀರು, ತೆಂಗಿನ ಚಿಪ್ಪು, ಕಡ್ಡಿ ಕೊಟ್ಟು ದೂರ ನಿಲ್ಲಿ. ಅಲ್ಲಿ ಕಟ್ಟಿದ ಇರುವೆ ಮನೆ, ಅಳಿಲಿನ ಆಸ್ಪತ್ರೆ ನೋಡಿದರೆ ವಾರದಲ್ಲಿ ಯಾರಿಗೆ ಎಷ್ಟು ತಲೆಗೆ ಹೋಗಿದೆ ಅಂತ ನಿಮಗೇ ತಿಳಿಯುತ್ತೆ.

ಮಳೆ ದಿನ ಏನು ಮಾಡೋಣ ಅಂತ ಕೇಳುತ್ತಾರೆ. ಗುಡುಗು ಸಿಡಿಲಿದ್ದರೆ ಒಳಗೇ ಇರಿ. ಬರೀ ಜಿಟಿಜಿಟಿ ಮಳೆಯಾದರೆ ಸೂರಿನಡಿ ನಿಂತು ಎರೆಹುಳು ನೋಡಲು ಅದಕ್ಕಿಂತ ಒಳ್ಳೆ ದಿನ ಇಲ್ಲ. ರೈಲು ಹುಳವೂ ಆಗಲೇ ಹೊರಬೀಳುವುದು. ಮಳೆ ನಿಂತ ಮೇಲೆ ಹತ್ತು ನಿಮಿಷ ಬಿಡಿ, ಕೊಚ್ಚೆ ತುಳಿಯಲಿ. ಒಬ್ಬೊಬ್ಬರಿಗೂ ಒಂದು ಜೊತೆ ಬಟ್ಟೆ ಜೂನ್ ಶುರುವಲ್ಲೇ ಮನೆಯಿಂದ ತರಿಸಿಟ್ಟುಕೊಳ್ಳಿ. ಟವಲ್ಲು ಮಾತ್ರ ನೀವು ಅಂದುಕೊಂಡಿದ್ದಕ್ಕಿಂತ ನಾಲ್ಕು ಜಾಸ್ತಿ ಬೇಕಾಗುತ್ತೆ.